ಕಿಡಿ ಯಾವ ಬಣ್ಣ

ಇಳಕಲ್ಲ ಬಸ್‌ಸ್ಟ್ಯಾಂಡಿನ ಹಿಂದ,
ಗ್ರಾನೈಟ್ ಧೂಳು ಕುಂತ ಬೇವಿನ ಬುಡಕ
ನನ್ನ ಓಮ್ನಿ ನಿಂತೈತಿ.
ಹಿಂದ ನಲವತ್ತು ಸೀರಿ,
ಹನ್ನೊಂದಕ್ಕ ಬಾ ಅಂದಾನ ಗುಳೇದಗುಡ್ಡದ ಅಂಗಡಿಯವ.
ಕೀಲಿ ತಿರುವಿದರ ಇಂಜಿನ್ನು ಕೆಮ್ಮತೈತಿ,
ಕೆಮ್ಮತೈತಿ,
ಹತ್ತೂದಿಲ್ಲ.

ಚಮನಸಾಬರ ಒಂದು ಕಣ್ಣಿಗೆ ಹಸರು ಬಟ್ಟಿ,
ಸೋಮವಾರ ಪೊರೆ ತಗಸ್ಯಾರ.
ಇನ್ನೊಂದರದು ಹಣ್ಣಾಗೂ ತನಕ ಕಾಯಬೇಕಂತ.
ಕೈಗೆಲಸದ ಹುಡುಗ ಖಾದರ
ಅಕ್ಕನ ಮದುವಿಗಂತ ಕುಷ್ಟಗಿಗೆ ಹೋಗ್ಯಾನ.
"ಒಬ್ಬರು ಕೀಲಿ ತಿರುವಬೇಕು, ಒಬ್ಬರು ಕಿಡಿ ನೋಡಬೇಕು.
ಕೀಲಿಗೆ ಕಣ್ಣು ಬೇಕಾಗಿಲ್ಲ.
ನೋಡೂ ಕೆಲಸ ನಿಮ್ಮದು, ಅಕ್ಕಾರ."

ಸೀಟು ಎತ್ತಿದರು.
ಒಂಬತ್ತು ವರ್ಷ ಎದರ ಮ್ಯಾಲ ಕುಂತಿದ್ದೆ
ಅನ್ನೂದು ಇವತ್ತ ಕಂಡೆ.

ಪೆಟ್ರೋಲಿನ ಡಬ್ಬಿ ದೂರ ಸರಿಸಿದರು, ಬೀಡಿ ತುಳದು ಆರಿಸಿದರು.
ಒಂದು ಹಳೇ ಪ್ಲಗ್ಗಿಗೆ ವಾಯರ್ ಸಿಗಿಸಿ
ಅದರ ಹೊಟ್ಟಿ ಇಂಜಿನ್ನಿನ ಕಬ್ಬಿಣಕ್ಕ ಕ್ಲಿಪ್ ಹಾಕಿ ಕಟ್ಟಿದರು.
"ಪಾಯಿಂಟಿನ ಕಾಲದಾಗ ವಾಯರು ಕೈಯಾಗ ಹಿಡದು
ಕಿಡಿ ಹಾರಸ್ತಿದ್ದಿವಿ, ಏಟು ತಿಂದು ನಗತಿದ್ದಿವಿ.
ಈಗ ಹಂಗ ಮಾಡಂಗಿಲ್ಲ. ಈ ಕರೀ ಡಬ್ಬಿ ಭಾಳ ಸೂಕ್ಷ್ಮ.
ಕಿಡಿಗೆ ಜಿಗೀಲಿಕ್ಕೆ ಜಾಗಾ ಸಿಗದಿದ್ದರ
ಹೊಳ್ಳಿ ಬಂದು ತನ್ನ ಮನೀನ ಸುಡತೈತಿ."

ನಾ ಏನೂ ಅನಲಿಲ್ಲ.
ಅಂಥ ಮಂದಿ ನನಗೂ ಗೊತ್ತು.

"ಸೆರಗು ಸಿಗಸ್ಕೋರಿ, ಬೆಲ್ಟಿಗೆ ಹೋದೀತು."
ಟೊಂಕಕ್ಕ ಸೆರಗು ಬಿಗದು, ಗೋಣಿಚೀಲದ ಕತ್ತಲಿ ಮಾಡಿಕೊಂಡು
ಪ್ಲಗ್ಗಿನ ತುದಿ ನೋಡಿದೆ.
ತಿರುವಿದರು.
ಕತ್ತಲಿ, ಗೋಣಿಯ ಶೇಂಗಾ ವಾಸನಿ. ಮತ್ತೇನಿಲ್ಲ.

ಬ್ಯಾಟರಿ ಸರಿ. ಕಾಯಿಲ್ ಸರಿ;
ಮೀಟರಿನ ಅಂಕಿ ನಾ ಓದಿದೆ, ಅವರು ತಲಿ ಹಾಕಿದರು.
ಇನ್ನ ಡಿಸ್ಟ್ರಿಬ್ಯೂಟರಿನ ಒಳಗಿನ ಚುಂಬಕದ ಸಂದು.
"ಕಬ್ಬಿಣದ ಗೇಜು ಜಗ್ಗಿ ಹಿಡೀತೈತಿ,
ಹಿತ್ತಾಳಿದು ಆ ಮಗ ಎಲ್ಲಿಟ್ಟಾನೋ."
ಗೋಡೆಯ ಮೊಳಿಗೆ ಸಿಗಿಸಿದ್ದ ಖಾದರನ ಅಕ್ಕನ ಮದುವಿ ಕಾರ್ಡು ತಂದು
ಸಂದಿನ್ಯಾಗ ತೂರಿಸಿದರು.
ಬಿಗಿಯಾಗಿ ಹೋತು, ಬಿಗಿಯಾಗಿ ಬಂತು.
"ಸಂದು ಬರೋಬರಿ. ಹಂಗಾರ ವಾಯರು."

ವಾಯರು ನನ್ನ ಕೈಗೆ ಕೊಟ್ಟರು.
ಹಾಸಿನ ಸಾವಿರ ಎಳಿಯೊಳಗ ಕಡದದ್ದೊಂದಿದ್ದರ
ಕಣ್ಣಿಗಿಂತ ಮೊದಲ ನನ್ನ ಬೆರಳು ನಿಲ್ಲತಾವ.
ಇಲ್ಲೂ ನಿಂತವು.
ಹೊರಗ ರಬ್ಬರು ನೆಟ್ಟಗ, ಒಂದ ಕಡೆ ಒಳಗ ಮೆತ್ತಗ,
ಹಸೀ ಹುಣಸಿಕಾಯಿ ಬಗ್ಗಿದಂಗ.
"ಇಲ್ಲಿ."
ಸುಲದು ನೋಡಿದರ ತಾಮ್ರ ಎರಡಾಗಿತ್ತು.

ಸೆರಗಿನ ಹಾಸಿಗೆ ಒಡಲಿನ ಹಾಸು ಕೂಡಸೂ ಕೊಂಡಿ
ಎಂಟು ವರ್ಷದಾಕಿ ಇದ್ದಾಗ ಕಲತದ್ದು.
ತಾಮ್ರಕ್ಕ ಹಾಕಿದ್ದು ಇವತ್ತ.
ಬೆಸಿಗಿ ಹಚ್ಚೂ ಮುಂದ ಮೂಗಿನಿಂದ ಅಳತಿ ಹೇಳಿದರು:
"ಸಾಕು, ರಾಳ ಸುಟ್ಟ ವಾಸನಿ ಬಂತು. ತಗೀರಿ."

ಮತ್ತ ಗೋಣಿಚೀಲ.
ಚಟ್.
ಚಟ್ ಚಟ್.
"ಸಪ್ಪಳ ನನಗ ಕೇಳತು. ಬಣ್ಣ ಹೇಳ್ರಿ."

ಬಣ್ಣದ ಹಂಡೇದ ಮುಂದ ಮೂವತ್ತು ವರ್ಷ ಕುಂತಾಕಿ ನಾನು.
ದಾಳಿಂಬ್ರಿ, ಗಿಳಿಹಸರು, ನವಿಲಗೊರಳು, ಚಂದ್ರಕಾಳಿ.
ನೀಲಿಯೊಳಗ ಹನ್ನೆರಡು ನೀಲಿ ಹೇಳತೀನಿ, ನಿದ್ದಿಗಣ್ಣಾಗ.
ಇದು ಹದಿಮೂರನೇದು.
ಬಾಯಿಗೆ ಹೆಸರು ಬರೂದರೊಳಗ ಆರಿಹೋಗತೈತಿ.
"ಇನ್ನೊಮ್ಮೆ ತಿರುವ್ರಿ."
ತಿರುವಿದರು.
"ಇನ್ನೊಮ್ಮೆ."
"ಬ್ಯಾಟರಿ ಇಳೀತೈತಿ, ಅಕ್ಕಾರ! ಹಳದಿ ಅಲ್ಲಲಾ?"
"ಅಲ್ಲ."
"ಹಂಗಾರ ಮುಗೀತು. ಸೀಟು ಕೆಡವ್ರಿ."

ನೂರಾ ಐವತ್ತು ಕೊಟ್ಟೆ.
ಹತ್ತು ರೂಪಾಯಿ ಹೊಳ್ಳಿ ಕೊಟ್ಟರು, ಕೊಂಡಿಯ ಕೂಲಿ ಅಂತ.
ತಗೊಂಡೆ.

ಹುನಗುಂದ ದಾಟಿದರೂ ಕಾಲ ಕೆಳಗ ಅದ ಬೆಚ್ಚಗ,
ಯಾರೂ ನೋಡದ ನೀಲಿ, ಎಣಿಸಲಿಕ್ಕೆ ಆಗದಷ್ಟು.
ಆಮ್ಯಾಲ ಕಂಡಿತು,
ಸ್ಟೇರಿಂಗಿನ ಮುಂದ ಮದುವಿ ಕಾರ್ಡು, ಚಮನಸಾಬರು ಇಟ್ಟು ಮರತದ್ದು.
ತಬಸ್ಸುಮ್ ಅನ್ನೂ ಹೆಸರಿನ ಮ್ಯಾಲ ಗ್ರೀಸಿನ ಹೆಬ್ಬೆಟ್ಟು.
ನನ್ನದೋ ಅವರದೋ.
ನಿಕಾಹ್ ಹನ್ನೊಂದೂವರಿಗೆ ಅಂತ ಬರದೈತಿ.
ಗಡಿಯಾರ ನೋಡಿದೆ. ನನಗೂ ತಡ ಆಗಿತ್ತು.